ಬೆನ್ನಿಗೆ ಗಂಟು, ಕಣ್ಣಲ್ಲಿ ಹಕ್ಕಿ: ಮುಂಬೈನ ಅಲೆಮಾರಿ ಸಲೀಂ ಅಲಿ

ಅದು 1950ರ ಬೇಸಿಗೆ. ಸ್ವೀಡನ್ ದೇಶದ ಉಪ್ಸಲಾ ನಗರದಲ್ಲಿ ಜಗತ್ತಿನ ದೊಡ್ಡ ದೊಡ್ಡ ಪಕ್ಷಿ ವಿಜ್ಞಾನಿಗಳೆಲ್ಲ ಸಮ್ಮೇಳನಕ್ಕೆ ಸೇರಿದ್ದರು. ಮೊದಲ ಗೋಷ್ಠಿ ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಸಾಮಾನು ಹೇರಿಕೊಂಡ ಸನ್‌ಬೀಮ್ ಮೋಟಾರ್ ಸೈಕಲ್ಲೊಂದು ಬಂದು ನಿಂತಿತು. ಇಳಿದವರು ಸಣಕಲು ಮೈಯ, 53 ವರ್ಷದ ಭಾರತೀಯ. ಇವರು ಭಾರತದಿಂದಲೇ ಬೈಕ್ ಓಡಿಸಿಕೊಂಡು ಬಂದಿದ್ದಾರಂತೆ ಎಂಬ ಸುದ್ದಿ ಸಭಾಂಗಣದ ತುಂಬ ಹಬ್ಬಿತು.

ನಿಜ ಸಂಗತಿ ಸ್ವಲ್ಪ ಬೇರೆ. ಬೈಕು ಮುಂಬೈನಿಂದ ಹಡಗಿನಲ್ಲಿ ಬಂದಿತ್ತು. ಆದರೆ ಯೂರೋಪಿನ ರಸ್ತೆಗಳಲ್ಲಿ ಅದನ್ನು ಓಡಿಸಿದ್ದು ಅವರೇ. ಫ್ರಾನ್ಸಿನಲ್ಲಿ ಸಣ್ಣ ಅಪಘಾತವಾಯಿತು. ಜರ್ಮನಿಯ ಕಲ್ಲು ಹಾಸಿದ ಬೀದಿಗಳಲ್ಲಿ ಹಲವು ಸಲ ಜಾರಿ ಬಿದ್ದರು. ಎದ್ದು, ಬಟ್ಟೆ ಕೊಡವಿಕೊಂಡು ಮುಂದೆ ಹೊರಟರು. ಅವರೇ ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ, ಭಾರತಕ್ಕೆ ಹಕ್ಕಿ ನೋಡುವುದನ್ನು ಕಲಿಸಿದ ಮನುಷ್ಯ.

ಹಳದಿ ಕತ್ತಿನ ಗುಬ್ಬಿ

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈನಲ್ಲಿ. ಒಡಹುಟ್ಟಿದವರಲ್ಲಿ ಕೊನೆಯವರು. ಒಂದು ವರ್ಷ ತುಂಬುವ ಹೊತ್ತಿಗೆ ತಂದೆ ಇಲ್ಲ, ಮೂರಾಗುವಷ್ಟರಲ್ಲಿ ತಾಯಿಯೂ ಇಲ್ಲ. ಖೇತ್‌ವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ ಈ ಮಕ್ಕಳನ್ನೆಲ್ಲ ತಮ್ಮ ಮನೆಯಲ್ಲಿಟ್ಟುಕೊಂಡು ಸಾಕಿದರು. ಆ ದಂಪತಿಗೆ ಸ್ವಂತ ಮಕ್ಕಳಿರಲಿಲ್ಲ.

ಮಾವ ಬೇಟೆಪ್ರಿಯರು. ಹುಡುಗನ ಕೈಗೂ ಆಟದ ಏರ್‌ಗನ್ ಬಂತು. ಒಂದು ದಿನ ಅವನು ಹೊಡೆದುರುಳಿಸಿದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಮನೆಯ ಸುತ್ತ ಕಾಣುವ ಗುಬ್ಬಚ್ಚಿ ಹೀಗಿರುವುದಿಲ್ಲವಲ್ಲ? ಮಾವನಿಗೂ ಗೊತ್ತಾಗಲಿಲ್ಲ. ಅವರು ಪರಿಚಯದ ಪತ್ರ ಕೊಟ್ಟು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲಾರ್ಡ್ ಎಂಬ ಇಂಗ್ಲಿಷ್ ಸಜ್ಜನ ಚಿಕ್ಕ ಹುಡುಗ ಎಂದು ಸಾಗಹಾಕಲಿಲ್ಲ. ಹಕ್ಕಿ ಯಾವುದೆಂದು ಗುರುತಿಸಿ ಹೇಳಿದರು, ಹತ್ತಿ ತುಂಬಿ ಕಾಪಾಡಿದ್ದ ನೂರಾರು ಹಕ್ಕಿಗಳನ್ನು ಡ್ರಾಯರುಗಳಿಂದ ತೆಗೆದು ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಒಬ್ಬ ದೊಡ್ಡವರು ಒಂದು ಮಗುವಿನ ಪ್ರಶ್ನೆಗೆ ಕೊಟ್ಟ ಆ ಸ್ವಲ್ಪ ಸಮಯ ಒಂದು ಇಡೀ ಜೀವನದ ದಾರಿಯನ್ನೇ ಬದಲಿಸಿತು.

ಅದೇ ವಯಸ್ಸಿನ ಟಿಪ್ಪಣಿಯೊಂದಿದೆ. ಕುದುರೆ ಲಾಯದ ಗೋಡೆಯಲ್ಲಿ ಗುಬ್ಬಚ್ಚಿಯ ಗೂಡು. ಹೊರಗೆ ಕಾವಲಿಗೆ ಕೂತಿದ್ದ ಗಂಡನ್ನು ಸಲೀಂ ಹೊಡೆದ. ಸ್ವಲ್ಪ ಹೊತ್ತಿನಲ್ಲೇ ಹೆಣ್ಣು ಇನ್ನೊಂದು ಗಂಡನ್ನು ಕರೆತಂದಿತು. ಅದನ್ನೂ ಹೊಡೆದ, ಮತ್ತೊಂದು ಬಂತು. ಒಂದು ವಾರದಲ್ಲಿ ಎಂಟು ಗಂಡುಗಳು! ಇಂದು ಓದಿದರೆ ಮನಸ್ಸಿಗೆ ಚುಚ್ಚುತ್ತದೆ. ಆದರೆ ಕಂಡದ್ದನ್ನು ಕಂಡ ಹಾಗೆಯೇ ಬರೆದಿಡುವ ಅಭ್ಯಾಸ ಅಲ್ಲೇ ಶುರುವಾಗಿತ್ತು.

ಡಿಗ್ರಿ ಇಲ್ಲ, ಕೆಲಸವೂ ಇಲ್ಲ

ಓದಿನಲ್ಲಿ ಸಲೀಂ ಅಂಥ ಜಾಣರೇನಲ್ಲ. 13ನೇ ವಯಸ್ಸಿನಿಂದ ವಿಪರೀತ ತಲೆನೋವು. 1913ರಲ್ಲಿ ಮೆಟ್ರಿಕ್ ಹೇಗೋ ದಾಟಿದರು. ಕಾಲೇಜು ಹಿಡಿಸಲಿಲ್ಲ. ಮನೆತನದ ಟಂಗ್‌ಸ್ಟನ್ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಬರ್ಮಾದ ತವೋಯ್‌ಗೆ ಹೋದರು. ಸುತ್ತ ದಟ್ಟ ಕಾಡು, ತಿರುಗಾಡಲು ಮೋಟಾರ್ ಸೈಕಲ್ಲು. ವ್ಯಾಪಾರ ಎಲ್ಲಿ ಏಳಿಗೆಯಾದೀತು? ಮುಂಬೈಗೆ ವಾಪಸಾಗಿ ಲೆಕ್ಕಪತ್ರ ಕಲಿಯತೊಡಗಿದರು. ಸೇಂಟ್ ಕ್ಸೇವಿಯರ್ಸ್ ಕಾಲೇಜಿನ ಫಾದರ್ ಬ್ಲಾಟರ್ ಅವರ ಒತ್ತಾಸೆಯಿಂದ ಪ್ರಾಣಿಶಾಸ್ತ್ರವನ್ನೂ ಓದಿದರು. 1918ರಲ್ಲಿ ತೆಹಮೀನಾ ಅವರೊಂದಿಗೆ ಮದುವೆಯಾಯಿತು.

ವಿಶ್ವವಿದ್ಯಾಲಯದ ಪದವಿ ಇಲ್ಲದ್ದರಿಂದ ಸರ್ಕಾರಿ ಸಂಸ್ಥೆಯ ಪಕ್ಷಿತಜ್ಞರ ಹುದ್ದೆ ಕೈತಪ್ಪಿತು. 1926ರಲ್ಲಿ ಮುಂಬೈನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ, ಅಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ, ನೋಡಲು ಬಂದವರಿಗೆ ವಿವರಿಸಿ ಹೇಳುವ ಕೆಲಸ ಸಿಕ್ಕಿತು. ಎರಡು ವರ್ಷದಲ್ಲಿ ಬೇಸರ ಬಂತು. ರಜೆ ಹಾಕಿ ಬರ್ಲಿನ್‌ಗೆ ಹೋಗಿ, ಆ ಕಾಲದ ಮಹಾನ್ ಪಕ್ಷಿ ವಿಜ್ಞಾನಿ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ಕಲಿತರು. ತಮ್ಮ ಗುರು ಎಂದು ಅವರು ಕೊನೆಯವರೆಗೂ ನೆನೆದದ್ದು ಇವರನ್ನೇ.

1930ರಲ್ಲಿ ಊರಿಗೆ ಬಂದು ನೋಡಿದರೆ ಮ್ಯೂಸಿಯಂನ ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ವಯಸ್ಸು 33, ಕೈಯಲ್ಲಿ ಕೆಲಸವಿಲ್ಲ. ಮುಂಬೈನಂಥ ಊರಿನಲ್ಲಿ ಸಂಬಳವಿಲ್ಲದೆ ಸಂಸಾರ ನಡೆಸುವುದು ಹೇಗೆ?

ಗೀಜಗನ ಗೂಡಿನ ಮುಂದೆ

ದಂಪತಿ ಕೊಲ್ಲಿಯಾಚೆ ಅಲಿಬಾಗ್ ಹತ್ತಿರದ ಕಿಹಿಮ್ ಎಂಬ ಕಡಲ ತಡಿಯ ಹಳ್ಳಿಗೆ ಹೋದರು. ಆ ಮಳೆಗಾಲದಲ್ಲಿ ಮನೆಯ ಬಳಿಯೇ ಗೀಜಗ ಹಕ್ಕಿಗಳು ಗೂಡು ಹೆಣೆಯುತ್ತಿದ್ದವು. ನಮ್ಮ ಹಳ್ಳಿಗಳ ಬಾವಿಯ ಮೇಲೆ, ಈಚಲು ಮರದಲ್ಲಿ ತೂಗಾಡುವ ಅದೇ ಗೂಡು. ಎಲ್ಲರೂ ನೋಡಿದ್ದೇ. ಆದರೆ ಕೂತು ನೋಡಿದವರು ಎಷ್ಟು ಜನ?

ಸಲೀಂ ಅಲಿ ಕೂತರು. ಗೂಡುಗಳ ಹತ್ತಿರವೇ ಮರೆ ಕಟ್ಟಿಕೊಂಡು, ದಿನವೂ ತಾಸುಗಟ್ಟಲೆ ಕೂತರು. ಗೂಡು ಕಟ್ಟುವುದು ಗಂಡು ಹಕ್ಕಿ. ಅರ್ಧ ಕಟ್ಟಿದ ಮೇಲೆ ಹೆಣ್ಣುಗಳು ಬಂದು, ಮನೆ ಬಾಡಿಗೆಗೆ ನೋಡುವವರ ಹಾಗೆ, ಒಳಹೊರಗೆ ಪರೀಕ್ಷಿಸುತ್ತವೆ. ಒಪ್ಪಿಗೆಯಾದರೆ ಹೆಣ್ಣು ಅಲ್ಲೇ ಉಳಿಯುತ್ತದೆ, ಗಂಡು ಗೂಡನ್ನು ಪೂರ್ತಿ ಮಾಡುತ್ತದೆ. ಅದು ಮೊಟ್ಟೆಗೆ ಕೂತ ಕೂಡಲೇ ಈ ಭೂಪ ಇನ್ನೊಂದು ಗೂಡು ಶುರುಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಗೀಜಗನ ಈ ಸಂಸಾರದ ಗುಟ್ಟನ್ನು ಕ್ರಮಬದ್ಧವಾಗಿ ಬಯಲಿಗೆ ತಂದದ್ದು ಕೆಲಸ ಕಳೆದುಕೊಂಡ ಒಬ್ಬ ಮನುಷ್ಯನ ಒಂದು ಮಳೆಗಾಲ. ಅದರಿಂದಲೇ ವಿಜ್ಞಾನ ಲೋಕದಲ್ಲಿ ಅವರ ಹೆಸರು ಕೇಳಿಬಂತು.

ಸಂಬಳ ಬೇಡ, ಖರ್ಚು ಕೊಟ್ಟರೆ ಸಾಕು

ನಂತರ ಅವರು ಒಂದು ಉಪಾಯ ಮಾಡಿದರು. ದೇಶದ ಸಂಸ್ಥಾನಗಳಲ್ಲಿ ಯಾವ ಹಕ್ಕಿ ಎಲ್ಲಿದೆ ಎಂಬ ಸರಿಯಾದ ಲೆಕ್ಕವೇ ಇರಲಿಲ್ಲ. ತಾವು ಸಮೀಕ್ಷೆ ಮಾಡಿಕೊಡುವುದಾಗಿಯೂ, ಸಂಬಳ ಬೇಡ, ಓಡಾಟ ಮತ್ತು ಬಿಡಾರದ ಖರ್ಚು ಕೊಟ್ಟರೆ ಸಾಕೆಂದೂ ತಿಳಿಸಿದರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ, ಗ್ವಾಲಿಯರ್, ಇಂದೋರ್, ಭೋಪಾಲ್ ಹೀಗೆ ಒಂದರ ನಂತರ ಒಂದು. ಎತ್ತಿನ ಗಾಡಿ, ಡೇರೆ, ಕಾಡು ದಾರಿ. ತೆಹಮೀನಾ ಕೂಡ ಆ ಬಿಡಾರಗಳಲ್ಲಿ ಜತೆಗಿದ್ದರು. ಪಟ್ಟಣದ ಅನುಕೂಲಗಳಲ್ಲಿ ಬೆಳೆದ ಅವರು ಕಾಡಿನ ಬದುಕಿಗೆ ಒಗ್ಗಿಕೊಂಡರು. ಗಂಡನ ಬರವಣಿಗೆಯ ಇಂಗ್ಲಿಷನ್ನು ತಿದ್ದಿ ಹದಗೊಳಿಸಿದವರೂ ಅವರೇ.

1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ನಂತರ ತೆಹಮೀನಾ ತೀರಿಕೊಂಡರು. 21 ವರ್ಷದ ದಾಂಪತ್ಯ ಇದ್ದಕ್ಕಿದ್ದಂತೆ ಮುಗಿಯಿತು. ಮಕ್ಕಳಿರಲಿಲ್ಲ. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ಬಾಂದ್ರಾದ ಪಾಲಿ ಹಿಲ್‌ನಲ್ಲಿದ್ದ ಅಕ್ಕ ಕಮ್ಮೂ ಮತ್ತು ಭಾವ ಹಸನ್ ಅಲಿ ಅವರ ಮನೆಯೇ ಅವರ ಮನೆಯಾಯಿತು. ದುಃಖಕ್ಕೆ ಅವರು ಕಂಡುಕೊಂಡ ಮದ್ದು ಒಂದೇ, ಮತ್ತೆ ಕಾಡಿಗೆ ಹೊರಡುವುದು.

ರಂಗನತಿಟ್ಟು ಉಳಿದದ್ದು ಹೀಗೆ

ಹಾಗೆ ಹೊರಟವರು ಬಂದದ್ದು ಮೈಸೂರು ಸಂಸ್ಥಾನಕ್ಕೆ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿ ಮರಿ ಮಾಡುವುದನ್ನು ಕಂಡರು. ಈ ಜಾಗವನ್ನು ಕಾಪಾಡಬೇಕೆಂದು ಮೈಸೂರಿನ ಒಡೆಯರಿಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇಂದು ಮೈಸೂರಿಗೆ ಹೋದವರು ಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು ಬಣ್ಣದ ಕೊಕ್ಕರೆಗಳನ್ನೂ ಬಂಡೆಯ ಮೇಲೆ ಮಲಗಿದ ಮೊಸಳೆಯನ್ನೂ ತೋರಿಸುತ್ತಾರಲ್ಲ, ಆ ಸಂತೋಷದಲ್ಲಿ ಈ ಮುಂಬೈಕರರ ಪಾಲೂ ಇದೆ.

ಕರ್ನಾಟಕದೊಂದಿಗೆ ಇನ್ನೊಂದು ನಂಟೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ಅದರ ವೈರಸ್ಸಿಗೂ ರಷ್ಯಾದ ಕಾಡುಗಳಲ್ಲಿ ಕಂಡ ವೈರಸ್ಸಿಗೂ ಹೋಲಿಕೆಯಿತ್ತು. ಹಾಗಾದರೆ ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳ ಮೂಲಕ ರೋಗ ಬಂತೇ? ಈ ಅನುಮಾನದಿಂದ ವಿಶ್ವ ಆರೋಗ್ಯ ಸಂಸ್ಥೆ ಹಣ ಒದಗಿಸಿತು. ಸಲೀಂ ಅಲಿ ಮತ್ತು ಸಂಗಡಿಗರು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದರು. ಅನುಮಾನ ಗಟ್ಟಿಯಾಗಲಿಲ್ಲ. ಆದರೆ ನಮ್ಮ ಕೆರೆಗಳಿಗೆ ಚಳಿಗಾಲದಲ್ಲಿ ಬರುವ ಅತಿಥಿಗಳು ಎಲ್ಲಿಂದ ಬರುತ್ತವೆ ಎಂಬುದಕ್ಕೆ ಪುರಾವೆ ಸಿಗತೊಡಗಿತು.

ಜೇಬಿಗೆ ಹಿಡಿಯುವ ಪುಸ್ತಕ, ಹತ್ತು ಸಂಪುಟಗಳ ಗ್ರಂಥ

1941ರಲ್ಲಿ ಅವರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ಬಂತು. ಹಕ್ಕಿ ವಿಜ್ಞಾನಿಗಳ ಸ್ವತ್ತಲ್ಲ, ಕಿಟಕಿಯಿಂದ ಹೊರಗೆ ನೋಡುವ ಯಾರಿಗೂ ಸೇರಿದ್ದು ಎಂಬಂತೆ ಬರೆದ ಪುಸ್ತಕ ಅದು. ಬಣ್ಣದ ಚಿತ್ರ ನೋಡಿ, ಗಾತ್ರ ಹೋಲಿಸಿ, ಹೆಸರು ಕಂಡುಕೊಳ್ಳಬಹುದಿತ್ತು. ಭಾನುವಾರ ಬೆಳಗ್ಗೆ ಬೈನಾಕ್ಯುಲರ್ ನೇತುಹಾಕಿಕೊಂಡು ಕೆರೆ ಏರಿಯ ಮೇಲೆ ನಡೆಯುವ ಹವ್ಯಾಸವನ್ನು ಈ ದೇಶದಲ್ಲಿ ಬೆಳೆಸಿದ್ದು ಬಹುಮಟ್ಟಿಗೆ ಅದೇ.

ಅಲೆದಾಟ ನಿಲ್ಲಲಿಲ್ಲ. 1945ರಲ್ಲಿ ಕೈಲಾಸ, ಮಾನಸ ಸರೋವರಕ್ಕೆ ಹೋಗಿ ಬಂದರು. ಎಲ್ಲರೂ ದೇವರನ್ನು ಕಾಣಲು ಹೋಗುವ ಜಾಗದಲ್ಲಿ ಅವರ ಕಣ್ಣು ಹಕ್ಕಿಗಳ ಮೇಲಿತ್ತು. ಕಛ್‌ನ ರಣ್‌ನಲ್ಲಿ ಮಣ್ಣಿನ ಗೂಡು ಕಟ್ಟುವ ರಾಜಹಂಸಗಳನ್ನು ಹುಡುಕಿಕೊಂಡು ಹೋದರು. ಅಮೆರಿಕದ ಸಿಡ್ನಿ ಡಿಲ್ಲನ್ ರಿಪ್ಲೆ ಜತೆಗೂಡಿ ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಕುರಿತ ಹತ್ತು ಸಂಪುಟಗಳ ಮಹಾಗ್ರಂಥ ಬರೆದರು. ಅದು 1968ರಲ್ಲಿ ಶುರುವಾಗಿ 1974ರಲ್ಲಿ ಮುಗಿಯುವಾಗ ಅವರಿಗೆ 77 ದಾಟಿತ್ತು.

ಕೋವಿ ಮತ್ತು ಭರತಪುರದ ಎಮ್ಮೆಗಳು

ಅವರ ಬದುಕಿನಲ್ಲಿ ಮುಜುಗರದ ಪ್ರಶ್ನೆಗಳೂ ಇವೆ. ಹಕ್ಕಿಗಳನ್ನು ಅಷ್ಟು ಪ್ರೀತಿಸಿದವರು ಅಧ್ಯಯನಕ್ಕಾಗಿ ಸಾವಿರಾರು ಹಕ್ಕಿಗಳನ್ನು ಕೊಂದರು. ಸುಮ್ಮನೆ ಕೊಲ್ಲುವುದು ಪಾಪ, ಆದರೆ ಮಾದರಿ ಸಂಗ್ರಹಿಸದೆ ವಿಜ್ಞಾನ ಬೆಳೆಯದು ಎಂಬುದು ಅವರ ನಿಲುವು. ಆ ಸಂಗ್ರಹಗಳಿಲ್ಲದಿದ್ದರೆ ಯಾವ ಹಕ್ಕಿ ಕಡಿಮೆಯಾಗುತ್ತಿದೆ ಎಂದು ಹೇಳಲು ಇಂದು ಆಧಾರವೇ ಇರುತ್ತಿರಲಿಲ್ಲ ಎಂಬುದು ನಿಜ. ಕ್ಯಾಮೆರಾದ ಈ ಕಾಲಕ್ಕೆ ಆ ದಾರಿ ಹಿಡಿಸದು ಎಂಬುದೂ ನಿಜ.

ಇನ್ನೊಂದು ಭರತಪುರದ್ದು. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಮತ್ತು ಸಂಗಡಿಗರು ಒಂದೇ ದಿನ ನಾಲ್ಕು ಸಾವಿರಕ್ಕೂ ಹೆಚ್ಚು ಹಕ್ಕಿ ಹೊಡೆದ ಕೆರೆ ಅದು. ಅದು ಹೊಲವಾಗದೆ, ಪಕ್ಷಿಧಾಮವಾಗಿ, ಕೊನೆಗೆ ರಾಷ್ಟ್ರೀಯ ಉದ್ಯಾನವಾಗಿ ಉಳಿಯಲು ಸಲೀಂ ಅಲಿ ದಶಕಗಳ ಕಾಲ ಹೋರಾಡಿದರು. ಆದರೆ ಅಲ್ಲಿ ದನ, ಎಮ್ಮೆ ಮೇಯುವುದನ್ನು ನಿಲ್ಲಿಸಬೇಕೆಂಬುದಕ್ಕೂ ಅವರ ಬೆಂಬಲವಿತ್ತು. 1982ರಲ್ಲಿ ನಿಷೇಧ ಬಂದಾಗ ಸುತ್ತಲಿನ ಹಳ್ಳಿಗರು ತಿರುಗಿಬಿದ್ದರು, ಪೊಲೀಸರ ಗುಂಡಿಗೆ ಜೀವಗಳು ಹೋದವು. ಮುಂದೆ ಅವರದೇ ಸೊಸೈಟಿ ನಡೆಸಿದ ಅಧ್ಯಯನದಲ್ಲಿ ಕಂಡದ್ದು ಬೇರೆ. ಎಮ್ಮೆಗಳು ಮೇಯದ್ದರಿಂದ ಹುಲ್ಲು, ಜೊಂಡು ಬೆಳೆದು ನೀರನ್ನು ಮುಚ್ಚಿತು, ಹಕ್ಕಿಗಳಿಗೇ ಜಾಗ ಕಡಿಮೆಯಾಯಿತು. ಮನುಷ್ಯರನ್ನು ದೂರವಿಟ್ಟರೆ ಪ್ರಕೃತಿ ಉಳಿದೀತು ಎಂಬ ನಂಬಿಕೆ ಎಲ್ಲ ಕಡೆಗೂ ಒಪ್ಪುವುದಿಲ್ಲ ಎಂಬ ಪಾಠಕ್ಕೆ ತೆತ್ತ ಬೆಲೆ ದೊಡ್ಡದು.

ಕೊನೆಯವರೆಗೂ ಕಲಿಯುವವರೇ

1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂದವು. ಗೆಟ್ಟಿ ಪ್ರಶಸ್ತಿಯಾಗಿ ಬಂದ ಹಣವನ್ನು ಪ್ರಕೃತಿ ಸಂರಕ್ಷಣೆಯ ನಿಧಿಗೆ ಕೊಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಆತ್ಮಕಥೆ ಹೊರಬಂತು. ಅದಕ್ಕೆ ಅವರು ಆರಿಸಿದ ಹೆಸರಿನಲ್ಲಿ ಇದ್ದದ್ದು ಅದೇ ಉರುಳಿಬಿದ್ದ ಗುಬ್ಬಿ. ಬೈಕುಗಳಲ್ಲಿ ಸನ್‌ಬೀಮ್, ಹಾರ್ಲೆ ಡೇವಿಡ್‌ಸನ್, ಡಗ್ಲಸ್, ಸ್ಕಾಟ್ ಎಲ್ಲವನ್ನೂ ಓಡಿಸಿದ ಅವರಿಗೆ ಒಂದು ಬಿಎಂಡಬ್ಲ್ಯು ಮಾತ್ರ ದಕ್ಕಲಿಲ್ಲ ಎಂಬ ಕೊರಗು ಉಳಿದಿತ್ತು!

ಹುಡುಕಿಯೂ ಸಿಗದ ಹಕ್ಕಿಯೊಂದಿತ್ತು. 1876ರ ನಂತರ ಖಚಿತವಾಗಿ ಯಾರಿಗೂ ಕಾಣದ ಹಿಮಾಲಯದ ಬುರ್ಲಿ ಅವರಿಗೂ ಕಾಣಲಿಲ್ಲ. 1987ರಲ್ಲಿ, 90ನೇ ವಯಸ್ಸಿನಲ್ಲಿ, ಮುಂಬೈನಲ್ಲೇ ಅವರು ಕಣ್ಣು ಮುಚ್ಚಿದರು.

ಅವರು ಬದುಕಿದ ರೀತಿಗೆ ದೊಡ್ಡ ಖರ್ಚೇನೂ ಬೇಕಿಲ್ಲ. ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ಸಿಲ್, ಬೆಳಗಿನ ಅರ್ಧ ಗಂಟೆ. ಠಾಣೆಯ ಕೊಲ್ಲಿಗೆ ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ, ಚೆನ್ನೈನ ಪಳ್ಳಿಕರಣೈ ಜೌಗಿನಲ್ಲಿ, ದೆಹಲಿಯ ಓಖ್ಲಾದಲ್ಲಿ ಬಾತುಗಳಿಳಿಯುತ್ತವೆ. ಅಷ್ಟು ದೂರವೂ ಬೇಡ ಎನ್ನುವವರಿಗೆ ಅಡುಗೆಮನೆಯ ಕಿಟಕಿಯಾಚೆ ಒಂದು ಬುಲ್‌ಬುಲ್ ಗೂಡಿಗೆ ಕಡ್ಡಿ ಹೊತ್ತು ತರುತ್ತಿರಬಹುದು.