ಪದವಿ ಪತ್ರದ ಮೇಲಿನ ಹೆಸರು: ಸರ್ ಎಂ. ವಿಶ್ವೇಶ್ವರಯ್ಯ

ನಮ್ಮ ಪ್ರೌಢಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಮೈಸೂರು ಪೇಟ ತೊಟ್ಟ ಹಿರಿಯರೊಬ್ಬರ ಪಟವಿತ್ತು. ಪ್ರತಿ ಸೆಪ್ಟೆಂಬರ್ 15ರಂದು ಅದಕ್ಕೊಂದು ಹೂವಿನ ಹಾರ ಬೀಳುತ್ತಿತ್ತು. ಬೀದಿದೀಪದ ಕೆಳಗೆ ಓದಿದವರು, ಕನ್ನಂಬಾಡಿ ಕಟ್ಟೆ ಕಟ್ಟಿಸಿದವರು ಎಂದು ಬಾಯಿಪಾಠ ಮಾಡಿ ನಾನೂ ಒಮ್ಮೆ ಭಾಷಣ ಮಾಡಿದ್ದೆ. ಮುಂದೆ ಬಿ.ಇ. ಮುಗಿಸಿದಾಗ ಕೈಗೆ ಬಂದ ಪದವಿ ಪತ್ರದ ಮೇಲೂ ಅದೇ ಹೆಸರು: ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಕೆಲಸಕ್ಕೆ ಸೇರಿ ಹಲವು ವರ್ಷಗಳಾದ ಮೇಲೆ ಅವರ ಜೀವನವನ್ನು ಮತ್ತೆ ಓದಿದೆ. ಆಗ ನನ್ನ ಮನಸ್ಸಿನಲ್ಲಿ ನಿಂತದ್ದು ಅಣೆಕಟ್ಟಲ್ಲ. ಓದನ್ನೂ ದುಡಿಮೆಯನ್ನೂ ಅವರು ಜೋಡಿಸಿದ ರೀತಿ. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅದನ್ನೇ ಬರೆಯುತ್ತಿದ್ದೇನೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಇನ್ನೂ ಹುಡುಗನಾಗಿರುವಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಎಂಜಿನಿಯರಿಂಗ್ ಪದವಿ ಕೊಡುವ ಕಾಲೇಜು ಆಗ ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಪುಣೆಗೆ ಕಳಿಸಿತು. 1883ರಲ್ಲಿ ಅವರು ಮೊದಲ ಸ್ಥಾನದಲ್ಲಿ ತೇರ್ಗಡೆಯಾದರು. ಸರ್ಕಾರಿ ಶಾಲೆಯಲ್ಲಿ ಓದಿದ ನಮಗೆ ಈ ವಿದ್ಯಾರ್ಥಿವೇತನದ ಬೆಲೆ ವಿವರಿಸಿ ಹೇಳಬೇಕಾಗಿಲ್ಲ.

1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಪುಣೆಯ ಬಳಿ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಹೆಸರು ತಂದವು. 1898ರಲ್ಲಿ ಜಪಾನಿಗೆ ಹೋಗಿ ಬಂದರು. ಅಲ್ಲಿ ಶಾಲೆ ಮತ್ತು ಕೈಗಾರಿಕೆ ಜೊತೆಜೊತೆಯಾಗಿ ಬೆಳೆಯುತ್ತಿದ್ದುದನ್ನು ಕಣ್ಣಾರೆ ಕಂಡರು. ಆ ನೋಟ ಕೊನೆಯವರೆಗೂ ಅವರ ಜೊತೆಗಿತ್ತು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾದರು. ದಿವಾನರಾಗಿದ್ದದ್ದು ಆರು ವರ್ಷ ಮಾತ್ರ. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. ಇಂದಿನ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ಅದೇ ವರ್ಷ, ವ್ಯಾಪಾರ ಮತ್ತು ಉದ್ದಿಮೆಗೆ ಸಾಲ ಸಿಗಲೆಂದು ಮೈಸೂರು ಬ್ಯಾಂಕ್ ಆರಂಭವಾಯಿತು. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದದ್ದೂ ಅದೇ ವರ್ಷ.

ಆ ದಿನಗಳಲ್ಲಿ ಮೈಸೂರಿನ ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಪಾಠ ಇಲ್ಲಿ, ಪಠ್ಯ ಮತ್ತು ಪರೀಕ್ಷೆಯ ತೀರ್ಮಾನ ಅಲ್ಲಿ. ನಮ್ಮ ನಾಡಿಗೆ ಯಾವ ವಿದ್ಯೆ ಬೇಕು ಎಂಬುದನ್ನು ನಾವೇ ನಿರ್ಧರಿಸಬೇಕಾದರೆ ನಮ್ಮದೇ ವಿಶ್ವವಿದ್ಯಾಲಯ ಇರಬೇಕು ಎಂದು ಅವರು ಪಟ್ಟು ಹಿಡಿದರು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮಹಾರಾಜರು ಕುಲಾಧಿಪತಿಗಳು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಮರುವರ್ಷ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಇಂದು ಅದು ಯು.ವಿ.ಸಿ.ಇ. ಎಂದು ಎಲ್ಲರಿಗೂ ಗೊತ್ತು. ತಾವು ಓದಲು ಪುಣೆಗೆ ಹೋಗಬೇಕಾಗಿದ್ದ ದಾರಿಯನ್ನು ಮುಂದಿನ ಹುಡುಗರಿಗೆ ಹೀಗೆ ಹತ್ತಿರ ಮಾಡಿಕೊಟ್ಟರು.

ಕಾಲೇಜು ಮತ್ತು ಕಾರ್ಖಾನೆ ಹೇಗೆ ಒಂದಕ್ಕೊಂದು ಕೈ ಕೊಟ್ಟವು ಎಂಬುದಕ್ಕೆ ನಮ್ಮ ಮನೆಯ ಬಚ್ಚಲಲ್ಲೇ ಸಾಕ್ಷಿ ಇದೆ. ಮೈಸೂರಿನ ಶ್ರೀಗಂಧದ ಮರ ಆಗ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಆ ವ್ಯಾಪಾರ ನಿಂತು ಮರ ರಾಶಿ ಬಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆಗಿನ್ನೂ ಎಳೆಯದು. ಅಲ್ಲಿನ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗಶಾಲೆಯಲ್ಲಿ ಗಂಧದೆಣ್ಣೆ ತೆಗೆಯುವ ವಿಧಾನ ಕಂಡುಕೊಂಡರು. 1916ರ ಹೊತ್ತಿಗೆ ಸರ್ಕಾರ ಎಣ್ಣೆಯ ಕಾರ್ಖಾನೆ ಕಟ್ಟಿತು. ಎಸ್.ಜಿ. ಶಾಸ್ತ್ರಿ ಎಂಬ ತರುಣ ರಸಾಯನಶಾಸ್ತ್ರಜ್ಞರನ್ನು ಸಾಬೂನು ತಯಾರಿಕೆ ಕಲಿಯಲು ಇಂಗ್ಲೆಂಡಿಗೆ ಕಳಿಸಿತು. ಅವರು ಮರಳಿ ಬಂದು ರೂಪಿಸಿದ್ದೇ ಮೈಸೂರು ಸ್ಯಾಂಡಲ್ ಸೋಪು. ಕಾಡಿನ ಮರ ಕಡಿದು ಮಾರುತ್ತಿದ್ದ ನಾಡು, ವಿದ್ಯೆ ಸೇರಿಸಿ ಮಾರಲು ಕಲಿಯಿತು. ಅದರಿಂದ ಬಂದ ಕೆಲಸ ನಮ್ಮವರಿಗೇ ಸಿಕ್ಕಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಅದನ್ನು ಬಿಟ್ಟರೆ ನಮ್ಮ ಶಾಲೆಗೆ ನ್ಯಾಯವಾಗದು. ಕಾಲೇಜಿನ ಬಾಗಿಲು ತೆರೆದರೂ ಒಳಗೆ ಹೋಗುವ ಶಕ್ತಿ ಕೆಲವರಿಗೆ ಮಾತ್ರ ಇತ್ತು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೂ ಪಾಲು ಬೇಕೆಂಬ ಬೇಡಿಕೆ ಬಲವಾದಾಗ ನಾಲ್ವಡಿಯವರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ನೇಮಕಕ್ಕೆ ಅರ್ಹತೆಯೊಂದೇ ಅಳತೆಯಾಗಬೇಕು, ಹಿಂದುಳಿದವರಿಗೆ ಶಿಕ್ಷಣದ ನೆರವು ಕೊಟ್ಟು ಮೇಲೆತ್ತಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವಾಗಿತ್ತು. ಅಭಿಪ್ರಾಯ ಕೂಡಲಿಲ್ಲ, ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಮಹಾರಾಜರು ತಮ್ಮ ದಾರಿಯಲ್ಲಿ ಮುಂದುವರಿದು ಮೀಸಲಾತಿ ತಂದರು. ನನಗನಿಸುವುದು ಇಷ್ಟು: ದಿವಾನರು ಕಟ್ಟಿದ ಕಾಲೇಜಿಗೆ ನಮ್ಮಂಥ ಹಳ್ಳಿಯ ಮಕ್ಕಳು ಕಾಲಿಡಲು ಮಹಾರಾಜರ ತೀರ್ಮಾನವೂ ಬೇಕಾಗಿತ್ತು. ಇಬ್ಬರಿಗೂ ನಾವು ಋಣಿಗಳು.

ಅಧಿಕಾರ ಬಿಟ್ಟ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿ ಕಷ್ಟಕ್ಕೆ ಸಿಕ್ಕಿಕೊಂಡಾಗ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾದರು. ಪರದೇಶಿ ತಜ್ಞರ ಜಾಗದಲ್ಲಿ ಇಲ್ಲಿನವರನ್ನೇ ತರಬೇತಿ ಕೊಟ್ಟು ನಿಲ್ಲಿಸಿದರು. ಆ ಸೇವೆಗೆ ಬರಬೇಕಾಗಿದ್ದ ಸಂಭಾವನೆಯನ್ನು ಅವರು ಕೈಗೆ ತೆಗೆದುಕೊಳ್ಳಲಿಲ್ಲ. ಕಸುಬು ಕಲಿಸುವ ಸಂಸ್ಥೆಗೆ ಬಳಸಲು ಹೇಳಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ಇಟ್ಟದ್ದು ಜಯಚಾಮರಾಜೇಂದ್ರ ಒಡೆಯರ ಹೆಸರು. ಇಂದಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ. ಕಾರ್ಖಾನೆ ನಡೆಯಲು ಎಂಜಿನಿಯರುಗಳಷ್ಟೇ ಸಾಲದು, ನುರಿತ ಕೈಗಳೂ ಬೇಕೆಂದು ಅವರಿಗೆ ಗೊತ್ತಿತ್ತು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು ನೂರು ವರ್ಷ ದಾಟಿದ ಆ ಜೀವ ನಿಂತಿತು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ.

ನಮ್ಮ ಬ್ಯಾಚಿನಲ್ಲಿ ಪದವಿ ಪಡೆದವರಲ್ಲಿ ಹೆಚ್ಚಿನವರು ಊರು ಬಿಟ್ಟಿದ್ದೇವೆ. ನಾನೂ ಅವರಲ್ಲೊಬ್ಬ. ಬೆಂಗಳೂರಿನಲ್ಲಿ ನನಗೆ ಅನ್ನ ಕೊಟ್ಟ ಕೆಲಸದ ಹಿಂದೆ ನೂರು ವರ್ಷಗಳ ಕಾಲೇಜು, ಪ್ರಯೋಗಶಾಲೆ, ಕಾರ್ಖಾನೆಗಳ ಸಾಲೇ ಇದೆ. ಆ ಸಾಲು ನಮ್ಮ ಊರಿನವರೆಗೆ ಬರಲಿಲ್ಲ. ಬಸ್ಸು ಮಾತ್ರ ಬಂತು, ನಾವು ಹತ್ತಿ ಹೋದೆವು. ಇದರಲ್ಲಿ ಯಾರನ್ನೂ ದೂರುವುದಿಲ್ಲ. ಆದರೆ ವಿಶ್ವೇಶ್ವರಯ್ಯನವರ ಬದುಕು ಹೇಳುವುದು ಸ್ಪಷ್ಟವಾಗಿದೆ: ಕಾಲೇಜೊಂದನ್ನೇ ಕಟ್ಟಿದರೆ ಮಕ್ಕಳು ಓದಿ ಹೊರಟುಹೋಗುತ್ತಾರೆ, ಅದರ ಪಕ್ಕದಲ್ಲಿ ಕೆಲಸ, ಸಾಲ, ತರಬೇತಿ ಇದ್ದರೆ ಓದು ಊರಲ್ಲಿ ಉಳಿಯುತ್ತದೆ.

ಹಳೆಯ ವಿದ್ಯಾರ್ಥಿಗಳು ಈ ಹಬ್ಬಕ್ಕೆ ಬಂದು ಫೋಟೋ ತೆಗೆಸಿಕೊಂಡು ಹೋಗುವುದರ ಜೊತೆಗೆ ಒಂದು ಕೆಲಸ ಮಾಡಬಹುದು. ಹತ್ತನೇ ತರಗತಿಯ ಮಕ್ಕಳ ಜೊತೆ ವರ್ಷಕ್ಕೊಂದು ದಿನ ಕೂತು ಡಿಪ್ಲೊಮಾ, ಐಟಿಐ, ಕೃಷಿ ಪದವಿ, ವಿದ್ಯಾರ್ಥಿವೇತನಗಳ ದಾರಿ ತೋರಿಸಬಹುದು. ಓದಿ ಊರಲ್ಲೇ ಏನಾದರೂ ಶುರು ಮಾಡುತ್ತೇನೆ ಎನ್ನುವ ಹುಡುಗ ಹುಡುಗಿಯರ ಬೆನ್ನಿಗೆ ನಿಲ್ಲಬಹುದು. ಈ ವರ್ಷದ ಸೆಪ್ಟೆಂಬರ್ 15ಕ್ಕೆ ನಾನು ಬರುತ್ತೇನೆ. ಈ ಸಲ ಭಾಷಣ ಮಾಡುವುದಿಲ್ಲ, ಮಕ್ಕಳ ಜೊತೆ ಕೂರುತ್ತೇನೆ.