ಪರೇಲ್‌ನ ಬೆಂಚು ಮತ್ತು ಹೋಮಿ ಭಾಭಾ

ಚುಚ್ಚುಮದ್ದು ಕೊಟ್ಟು ನಾಲ್ಕು ಗಂಟೆ ಕಾಯಿರಿ ಎಂದರು. ದಾವಣಗೆರೆಯಿಂದ ಬಂದಿದ್ದ ಅಪ್ಪನ ಬಲಗೈ ಎರಡು ವರ್ಷದಿಂದ ನಡುಗುತ್ತಿತ್ತು. ಎಂಆರ್‌ಐಯಲ್ಲಿ ಏನೂ ಕಾಣಲಿಲ್ಲ. ಪಾರ್ಕಿನ್ಸನ್ ಇದ್ದರೂ ಸಾಮಾನ್ಯ ಎಂಆರ್‌ಐ ಬಹುಪಾಲು ಸರಿಯಾಗಿಯೇ ಬರುತ್ತದಂತೆ. ಇದು ಪಾರ್ಕಿನ್ಸನ್ನೋ ಅಥವಾ ಬರೀ ಕೈನಡುಕವೋ ಎಂಬ ಅನುಮಾನ ಉಳಿದಿದ್ದರಿಂದ ಡಾಕ್ಟರು ಟ್ರೋಡ್ಯಾಟ್ ಸ್ಕ್ಯಾನ್ ಬರೆದುಕೊಟ್ಟಿದ್ದರು. ಪರೇಲ್‌ನ ಆ ಬೆಂಚಿನ ಮೇಲೆ ಕೂತು, ಅಪ್ಪನ ರಕ್ತದಲ್ಲಿ ಈಗ ಓಡುತ್ತಿರುವ ವಿಕಿರಣ ವಸ್ತು ಈ ಊರಿಗೆ ಹೇಗೆ ಬಂತು ಎಂದು ಮೊಬೈಲಿನಲ್ಲಿ ಹುಡುಕುತ್ತ ಹೋದೆ. ಸಿಕ್ಕವರು ಹೋಮಿ ಜಹಾಂಗೀರ್ ಭಾಭಾ.

ಭಾಭಾ ಎಂದರೆ ನಮಗೆ ಅಣುಶಕ್ತಿ ಮಾತ್ರ ನೆನಪು. 1909ರ ಅಕ್ಟೋಬರ್ 30ರಂದು ಬೊಂಬಾಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿದ ಅವರಿಗೆ ನಮ್ಮ ನಾಡಿನ ನಂಟೂ ಇತ್ತು. ಅಜ್ಜ ಹೊರ್ಮಸ್‌ಜಿ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದವರು. ತಂದೆ ಬೆಳೆದದ್ದು ಬೆಂಗಳೂರಿನಲ್ಲಿ. ಸೋದರತ್ತೆಯನ್ನು ಕೊಟ್ಟದ್ದು ದೊರಾಬ್‌ಜಿ ಟಾಟಾ ಅವರಿಗೆ. ಹಾಗಾಗಿ ಹುಡುಗ ಕೇಂಬ್ರಿಜ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಹಿರಿಯರ ಲೆಕ್ಕ. ಮಗನಿಗೆ ಭೌತವಿಜ್ಞಾನದ ಹುಚ್ಚು. ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುವ ಜಗಳವೇ. ಎಂಜಿನಿಯರಿಂಗ್‌ನಲ್ಲಿ ಮೊದಲ ದರ್ಜೆ ತಂದರೆ ಮುಂದೆ ಇಷ್ಟದ್ದು ಓದಿಸುತ್ತೇನೆ ಎಂದು ತಂದೆ ಒಪ್ಪಿದರು. 1930ರಲ್ಲಿ ಮಗ ಆ ದರ್ಜೆ ತಂದೇ ಬಿಟ್ಟ.

ಅದು ಪಾಸಿಟ್ರಾನ್ ಪತ್ತೆಯಾದ ಕಾಲ. ಎಲೆಕ್ಟ್ರಾನಿನಷ್ಟೇ ತೂಕ, ಆದರೆ ವಿರುದ್ಧ ವಿದ್ಯುದಂಶವಿರುವ ಈ ಕಣ 1932ರಲ್ಲಿ ಅಮೆರಿಕದಲ್ಲಿ ಕಂಡಿತು. ಇವೆರಡು ಡಿಕ್ಕಿ ಹೊಡೆದಾಗ ಹೇಗೆ ಚದುರುತ್ತವೆ ಎಂಬ ಲೆಕ್ಕವನ್ನು ಮಾಡಿದವರು ಭಾಭಾ. ಅದಕ್ಕೆ ಇವತ್ತಿಗೂ ಭಾಭಾ ಸ್ಕ್ಯಾಟರಿಂಗ್ ಎಂದೇ ಹೆಸರು. ಇವೆರಡೂ ಕೂಡಿ ಇಲ್ಲವಾದರೆ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ದಶಕಗಳ ನಂತರ ಬಂದ ಪೆಟ್ ಸ್ಕ್ಯಾನ್ ಆ ಜೋಡಿ ಕಿರಣಗಳನ್ನು ಹಿಡಿದೇ ದೇಹದೊಳಗಿನ ಚಿತ್ರ ಬಿಡಿಸುತ್ತದೆ. ಪೆಟ್ ಕಂಡುಹಿಡಿದದ್ದು ಭಾಭಾ ಅಲ್ಲ. ಅವರ ಲೆಕ್ಕದಿಂದ ನೇರವಾಗಿ ಬಂದದ್ದೂ ಅಲ್ಲ. ಆದರೆ ಆ ಕಣವನ್ನು ಆರಂಭದ ದಿನಗಳಲ್ಲೇ ಅರಿತವರಲ್ಲಿ ಅವರೊಬ್ಬರು.

1939ರಲ್ಲಿ ರಜೆಗೆಂದು ಬಂದವರನ್ನು ಯುದ್ಧ ಇಲ್ಲೇ ನಿಲ್ಲಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ವಿಭಾಗ ಸೇರಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಶುರುವಾದದ್ದೂ ಅಲ್ಲೇ. ವರ್ಷಾಂತ್ಯಕ್ಕೆ ಬೊಂಬಾಯಿಗೆ ಬಂತು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ: 1948ರಲ್ಲಿ ಪರಮಾಣು ಶಕ್ತಿ ಆಯೋಗ, 1954ರಲ್ಲಿ ಟ್ರಾಂಬೆ, 1956ರ ಆಗಸ್ಟ್ 4ರಂದು ಅಪ್ಸರಾ ರಿಯಾಕ್ಟರ್. ಮದುವೆಯಾಗಲಿಲ್ಲ. ಚಿತ್ರ ಬರೆಯುತ್ತಿದ್ದರು, ಪಾಶ್ಚಾತ್ಯ ಸಂಗೀತದ ಮೋಹವಿತ್ತು.

ಅಣುಬಾಂಬಿನ ಚರ್ಚೆಯಲ್ಲಿ ಮರೆಯಾಗುವ ಸಂಗತಿ ಎಂದರೆ, ಟ್ರಾಂಬೆಯ ರಿಯಾಕ್ಟರ್‌ಗಳು ಆಸ್ಪತ್ರೆಗೆ ಬೇಕಾದ ಐಸೊಟೋಪುಗಳನ್ನೂ ತಯಾರಿಸಿದವು. 1963ರಲ್ಲಿ ಇದೇ ಪರೇಲ್‌ನಲ್ಲಿ ವಿಕಿರಣ ವೈದ್ಯಕೀಯ ಕೇಂದ್ರ ಆರಂಭವಾಯಿತು. ನನಗೆ ಅವರ ಕೆಲಸಗಳಲ್ಲಿ ಇದೇ ದೊಡ್ಡದಾಗಿ ಕಾಣುತ್ತದೆ. ಯಾಕೆಂದರೆ ಈ ವಸ್ತುಗಳನ್ನು ತರಿಸಿ ಗೋದಾಮಿನಲ್ಲಿ ಇಡಲಾಗದು. ಅಪ್ಪನಿಗೆ ಕೊಟ್ಟ ಟೆಕ್ನೀಷಿಯಂ ಆರು ಗಂಟೆಗೆ ಅರ್ಧವಾಗುತ್ತದೆ. ರಿಯಾಕ್ಟರ್‌ನಲ್ಲಿ ತಯಾರಾದ ಮಾಲಿಬ್ಡಿನಂನಿಂದ ಅದನ್ನು ಹಸುವಿನ ಹಾಲು ಕರೆದಂತೆ ಆಗಾಗ ಕರೆದುಕೊಳ್ಳಬೇಕು. ಪೆಟ್‌ಗೆ ಬಳಸುವ ಫ್ಲೋರಿನ್-18 ಅರ್ಧವಾಗಲು 110 ನಿಮಿಷ ಸಾಕು. ಮುಂಬೈ ಟ್ರಾಫಿಕ್ಕಿನಲ್ಲಿ ಅದನ್ನು ಊಹಿಸಿಕೊಳ್ಳಿ! ಹತ್ತಿರದಲ್ಲೇ ತಯಾರಿಸುವವರಿದ್ದರೆ ಊರಲ್ಲಿ ಸ್ಕ್ಯಾನು ಸುಲಭ. 2002ರಲ್ಲಿ ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ ಬಂದದ್ದು ಪರೇಲ್‌ನ ಆ ಕೇಂದ್ರಕ್ಕೇ.

ಭಾಭಾ ಇದನ್ನೆಲ್ಲ ನೋಡಲಿಲ್ಲ. 1966ರ ಜನವರಿ 24ರಂದು ವಿಯೆನ್ನಾದ ಸಭೆಗೆ ಹೊರಟಿದ್ದ ಅವರ ವಿಮಾನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ವಯಸ್ಸು 56. ಫ್ಲೋರಿನ್ ಸೇರಿಸಿದ ಡೋಪಾದಿಂದ ಜೀವಂತ ಮೆದುಳಿನ ಡೋಪಮಿನ್ ಜಾಗವನ್ನು ಕೆನಡಾದವರು ಚಿತ್ರಿಸಿ ತೋರಿಸಿದ್ದು 1983ರಲ್ಲಿ.

ಸಂಜೆ ಸ್ಕ್ಯಾನ್ ಚಿತ್ರ ಕೈಗೆ ಬಂತು. ಸರಿಯಾದ ಮೆದುಳಿನಲ್ಲಿ ಡೋಪಮಿನ್ ನರಗಳ ತುದಿಗಳು ಎರಡು ಅಲ್ಪವಿರಾಮಗಳಂತೆ ಹೊಳೆಯುತ್ತವೆ. ಪಾರ್ಕಿನ್ಸನ್‌ನಲ್ಲಿ ಬಾಲ ಅಳಿದು ಚುಕ್ಕೆ ಉಳಿಯುತ್ತದೆ. ಅಪ್ಪನ ಎಡಗಡೆ ಚುಕ್ಕೆ ಮಾತ್ರ ಇತ್ತು. ಬಲಗಡೆಯ ಬಾಲ ತೆಳುವಾಗಿತ್ತು. ಇದೇ ಚಿತ್ರ ಪಾರ್ಕಿನ್ಸನ್‌ನ ದಾಯಾದಿ ಕಾಯಿಲೆಗಳಲ್ಲೂ ಬರಬಹುದು, ಹಾಗಾಗಿ ತೀರ್ಮಾನ ಕೈಕಾಲು ನೋಡಿಯೇ ಎಂದರು ಡಾಕ್ಟರು. ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ವರ್ಷವರ್ಷ ಸ್ಕ್ಯಾನ್ ಮಾಡಿಸುವುದೂ ಬೇಡ. ಮಾತ್ರೆಯಿಂದ ನಡುಕ ತಗ್ಗಬಹುದು, ಅಳಿದ ಬಾಲ ಮರಳುವುದಿಲ್ಲ. ನಡಿಗೆ, ಅಕ್ಷರ, ಗುಂಡಿ ಹಾಕಿಕೊಳ್ಳುವ ವೇಗ ಗಮನಿಸಿ ಎಂದರು.

ಮಾತ್ರೆ ಶುರುವಾಗಿ ಎರಡು ತಿಂಗಳಾಯಿತು. ಅಪ್ಪ ಈಗ ಕಾಫಿ ಲೋಟವನ್ನು ಒಂದೇ ಕೈಯಲ್ಲಿ ಹಿಡಿಯುತ್ತಾರೆ.