ಬ್ಯಾಟ್ ಬಿಟ್ಟ ಮೇಲೆ ಮೈಕ್ ಹಿಡಿದ ವಿಜಯ್ ಮರ್ಚೆಂಟ್: ರೇಡಿಯೋ ಕಾಲದ ಕ್ರಿಕೆಟ್ ವಿಶ್ಲೇಷಕನ ಕಥೆ

ಕ್ರಿಕೆಟ್ ನೋಡಲು ಟಿವಿ ಹಾಕಿದರೆ ಸುನಿಲ್ ಗವಾಸ್ಕರ್, ರವಿ ಶಾಸ್ತ್ರಿ, ಸಂಜಯ್ ಮಾಂಜ್ರೇಕರ್ ಇವರಲ್ಲಿ ಒಬ್ಬರ ದನಿಯಾದರೂ ಕಿವಿಗೆ ಬೀಳುತ್ತದೆ. ಮೂವರೂ ಮುಂಬೈನವರು, ಮೂವರೂ ಆಟ ಮುಗಿಸಿ ಮೈಕ್ ಹಿಡಿದವರು. ಈ ದಾರಿಯಲ್ಲಿ ಅವರಿಗಿಂತ ಎಷ್ಟೋ ಮೊದಲು ನಡೆದ ಇನ್ನೊಬ್ಬ ಮುಂಬೈಕರ್ ವಿಜಯ್ ಮರ್ಚೆಂಟ್. ಆಗ ಟಿವಿ ಇರಲಿಲ್ಲ. ಇದ್ದದ್ದು ರೇಡಿಯೋ ಮಾತ್ರ.

1911ರ ಅಕ್ಟೋಬರ್ 12ರಂದು ಮುಂಬೈನ ಶ್ರೀಮಂತ ಗುಜರಾತಿ ಗಿರಣಿ ಮಾಲೀಕರ ಮನೆಯಲ್ಲಿ ಹುಟ್ಟಿದ ಅವರ ನಿಜವಾದ ಹೆಸರು ವಿಜಯಸಿಂಹ ಮಾಧವಜಿ ಠಾಕರ್ಸಿ. ಶಾಲೆಯಲ್ಲಿ ಮನೆತನದ ಉದ್ಯೋಗ ಕೇಳಿದಾಗ ವ್ಯಾಪಾರ ಎಂದು ಹೇಳಿದ್ದೇ ಹೆಸರಿನ ಜೊತೆ ಅಂಟಿಕೊಂಡು 'ಮರ್ಚೆಂಟ್' ಆಯಿತು ಎನ್ನುವ ಕಥೆ ಪ್ರಸಿದ್ಧ. ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಓದುವಾಗಲೇ ಬ್ಯಾಟ್ಸ್‌ಮನ್ ಆಗಿ ಹೆಸರು ಮಾಡಿದ್ದರು. 1932ರಲ್ಲಿ ಭಾರತ ತಂಡದ ಮೊದಲ ಟೆಸ್ಟ್ ಪ್ರವಾಸ ಇಂಗ್ಲೆಂಡ್‌ಗೆ ಹೊರಟಾಗ ಗಾಂಧೀಜಿ ಸೇರಿದಂತೆ ದೇಶದ ನಾಯಕರು ಜೈಲಿನಲ್ಲಿದ್ದರು. ಅದನ್ನು ಪ್ರತಿಭಟಿಸಿ ಮರ್ಚೆಂಟ್ ಪ್ರವಾಸದಿಂದ ದೂರ ಉಳಿದರು. ಇಪ್ಪತ್ತರ ಹುಡುಗನಿಗೆ ಅದು ಸಣ್ಣ ತ್ಯಾಗವಲ್ಲ.

ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅವರ ಸರಾಸರಿ 71.64. ದೀರ್ಘಕಾಲ ಆಡಿದವರಲ್ಲಿ ಅವರಿಗಿಂತ ಮೇಲೆ ಇರುವುದು ಡಾನ್ ಬ್ರಾಡ್ಮನ್ ಒಬ್ಬರೇ. ಆದರೆ 1933ರಿಂದ 1951ರವರೆಗಿನ 18 ವರ್ಷಗಳಲ್ಲಿ ಅವರಿಗೆ ಸಿಕ್ಕಿದ್ದು ಕೇವಲ 10 ಟೆಸ್ಟ್! ಒಳ್ಳೆಯ ವಯಸ್ಸನ್ನು ಎರಡನೇ ಮಹಾಯುದ್ಧ ನುಂಗಿತು. 1947-48ರ ಆಸ್ಟ್ರೇಲಿಯಾ ಪ್ರವಾಸಕ್ಕೆ ನಾಯಕನಾಗಿ ಆಯ್ಕೆಯಾದರೂ ಅನಾರೋಗ್ಯದಿಂದ ಹೋಗಲಾಗಲಿಲ್ಲ. 1951ರಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ 154 ರನ್ ಹೊಡೆದಾಗ ಅವರಿಗೆ 40 ತುಂಬಿತ್ತು. ಅದೇ ಪಂದ್ಯದಲ್ಲಿ ಫೀಲ್ಡಿಂಗ್ ಮಾಡುವಾಗ ಭುಜಕ್ಕೆ ಪೆಟ್ಟು ಬಿತ್ತು. ತಮ್ಮ ಅತಿ ದೊಡ್ಡ ಟೆಸ್ಟ್ ಸ್ಕೋರ್ ಮಾಡಿದ ಪಂದ್ಯವೇ ಕೊನೆಯ ಟೆಸ್ಟ್ ಆಯಿತು.

ಅಲ್ಲಿಂದ ಮುಂದಿನದು ಮಾತಿನ ಇನ್ನಿಂಗ್ಸ್. ಮುಂಬೈಗೆ ರೇಡಿಯೋ ವೀಕ್ಷಕ ವಿವರಣೆ ಹೊಸದೇನೂ ಆಗಿರಲಿಲ್ಲ. ಮೂವತ್ತರ ದಶಕದಿಂದಲೇ ಎ.ಎಫ್.ಎಸ್. ತಲ್ಯಾರ್‌ಖಾನ್ ದಿನಪೂರ್ತಿ ಒಬ್ಬರೇ ಮಾತಾಡುತ್ತಿದ್ದರು, ಮೈಕನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಲು ಒಪ್ಪದ ಗತ್ತು ಅವರದು. ಮರ್ಚೆಂಟ್ ಬಂದಾಗ ಕೇಳುಗರಿಗೆ ಸಿಕ್ಕಿದ್ದು ಬೇರೆಯದೇ ಸವಲತ್ತು. ಹೊಸ ಚೆಂಡು ಎದುರಿಸುವ ಆರಂಭಿಕನ ಕಷ್ಟವನ್ನು ಸ್ವತಃ ಉಂಡವರೇ ಅದನ್ನು ಬಿಡಿಸಿ ಹೇಳುತ್ತಿದ್ದರು.

ಅವರ ಹಾಸ್ಯಪ್ರಜ್ಞೆಗೆ ಇಂದಿಗೂ ಕೊಡುವ ಉದಾಹರಣೆ 1960ರ ಜನವರಿಯದು. ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ರಿಚಿ ಬೆನೋ ನಾಯಕತ್ವದ ಆಸ್ಟ್ರೇಲಿಯಾ ವಿರುದ್ಧ ಅಬ್ಬಾಸ್ ಅಲಿ ಬೇಗ್ ಅರ್ಧಶತಕ ಬಾರಿಸಿ ಪೆವಿಲಿಯನ್ ಕಡೆ ನಡೆದಾಗ, ಯುವತಿಯೊಬ್ಬಳು ಮೈದಾನಕ್ಕೆ ಓಡಿಬಂದು ಅವರ ಕೆನ್ನೆಗೆ ಮುತ್ತಿಟ್ಟಳು. ಆ ಕಾಲಕ್ಕೆ ದೇಶವೇ ಬೆಚ್ಚಿಬೀಳುವ ಸಂಗತಿ. ಕಾಮೆಂಟರಿ ಪೆಟ್ಟಿಗೆಯಲ್ಲಿದ್ದ ಮರ್ಚೆಂಟ್ ಮಾತ್ರ ಗಲಿಬಿಲಿಯಾಗಲಿಲ್ಲ. ತಾವು ಶತಕ, ದ್ವಿಶತಕ ಬಾರಿಸುತ್ತಿದ್ದಾಗ ಇಂಥ ಹುಡುಗಿಯರೆಲ್ಲ ಎಲ್ಲಿದ್ದರೋ ಎಂದು ಗಾಳಿಯಲ್ಲೇ ಅಚ್ಚರಿಪಟ್ಟರು. ಅಂದಹಾಗೆ, ಅಂದು ಎದುರಾಳಿ ನಾಯಕನಾಗಿದ್ದ ಬೆನೋ ಮುಂದೆ ಜಗತ್ತಿನ ಅತ್ಯಂತ ಹೆಸರಾಂತ ಟಿವಿ ವಿಶ್ಲೇಷಕರಾದರು.

ಮುಂದೆ ವಿವಿಧ ಭಾರತಿಯಲ್ಲಿ 'ಕ್ರಿಕೆಟ್ ವಿತ್ ವಿಜಯ್ ಮರ್ಚೆಂಟ್' ಎಂಬ ಭಾನುವಾರದ ಕಾರ್ಯಕ್ರಮ ಬಂತು. ಪಂದ್ಯ ಇರಲಿ ಬಿಡಲಿ, ಕ್ರಿಕೆಟ್ ಬಗ್ಗೆ ಕೇಳಲು ಜನ ರೇಡಿಯೋ ಮುಂದೆ ಕೂರುತ್ತಿದ್ದರು. ಮರ್ಚೆಂಟ್ ಬ್ಯಾಟಿಂಗ್ ಮಾಡಿದ್ದನ್ನು ಎಂದೂ ನೋಡದ ಒಂದು ಪೀಳಿಗೆಗೆ ಅವರು ಪರಿಚಯವಾದದ್ದು ದನಿಯಾಗಿ.

ಮೈಕ್ ಮುಂದೆ ಕೂತು ಆಯ್ಕೆಗಾರರನ್ನು ಟೀಕಿಸುವುದು ಸುಲಭ. ಆದರೆ ಮರ್ಚೆಂಟ್ ಸ್ವತಃ ಆಯ್ಕೆ ಸಮಿತಿಯ ಅಧ್ಯಕ್ಷರಾಗಿ ತಪ್ಪು-ಸರಿಯ ಹೊಣೆಯನ್ನೂ ಹೊತ್ತರು. ಯುವಕರಿಗೆ ಅವಕಾಶ ಕೊಡಬೇಕೆಂಬುದು ಅವರ ಹಟ. 1969ರಲ್ಲಿ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಕಾನ್ಪುರದಲ್ಲಿ ಟೆಸ್ಟ್ ಪ್ರವೇಶ ಮಾಡಿದ್ದು ಅವರ ಸಮಿತಿಯ ಕಾಲದಲ್ಲೇ. ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137!

1971ರ ಜನವರಿಯಲ್ಲಿ ದೊಡ್ಡ ಪರೀಕ್ಷೆ ಎದುರಾಯಿತು. ನಾಯಕನ ಪಟ್ಟ ಮನ್ಸೂರ್ ಅಲಿ ಖಾನ್ ಪಟೌಡಿ ಅವರಿಂದ ಮುಂಬೈನ ಅಜಿತ್ ವಾಡೇಕರ್ ಅವರಿಗೆ ಹೋಯಿತು. ಅದಕ್ಕೆ ಕಾರಣವಾದದ್ದು ಮರ್ಚೆಂಟ್ ಅವರ ನಿರ್ಣಾಯಕ ಮತ ಎಂದೇ ಕ್ರಿಕೆಟ್ ವಲಯ ನೆನಪಿಟ್ಟುಕೊಂಡಿದೆ. 1946ರಲ್ಲಿ ಮರ್ಚೆಂಟ್ ಅವರನ್ನು ಬಿಟ್ಟು ಪಟೌಡಿಯ ತಂದೆಯನ್ನು ನಾಯಕರನ್ನಾಗಿ ಮಾಡಿದ್ದರ ಸೇಡು ಇದು ಎಂಬ ಗುಸುಗುಸು ಹಬ್ಬಿತು. 25 ವರ್ಷ ಕಾದು ತೀರಿಸಿಕೊಂಡ ಸೇಡು ಎಂಬುದು ಕೇಳಲು ರೋಚಕ, ನಂಬುವುದು ಕಷ್ಟ. ವಾಡೇಕರ್ ತಂಡ ಅದೇ ವರ್ಷ ವೆಸ್ಟ್ ಇಂಡೀಸ್‌ನಲ್ಲೂ ಇಂಗ್ಲೆಂಡ್‌ನಲ್ಲೂ ಸರಣಿ ಗೆದ್ದಿತು. ಸೋತಿದ್ದರೆ ಆ ಒಂದು ಮತ ಮರ್ಚೆಂಟ್ ಹೆಸರನ್ನು ಕೊನೆಯವರೆಗೂ ಕಾಡುತ್ತಿತ್ತು.

ಇಂಗ್ಲೆಂಡ್ ಪ್ರವಾಸಕ್ಕೆ ಬಿ.ಎಸ್. ಚಂದ್ರಶೇಖರ್ ಅವರನ್ನು ಮರಳಿ ಕರೆಸಿದ್ದೂ ಒಂದು ಜೂಜು. ಮರ್ಚೆಂಟ್ ಅದನ್ನು ಲೆಕ್ಕಹಾಕಿ ಆಡಿದ ಜೂಜು ಎಂದು ಮುಚ್ಚುಮರೆಯಿಲ್ಲದೆ ಬಣ್ಣಿಸಿದ್ದರು. ಓವಲ್‌ನಲ್ಲಿ ಚಂದ್ರ 38 ರನ್‌ಗೆ 6 ವಿಕೆಟ್ ಕಿತ್ತರು, ಆಗಸ್ಟ್ 24ರಂದು ಭಾರತ ಗೆದ್ದಿತು.

ಕ್ರಿಕೆಟ್‌ನಾಚೆ ಅವರು ಗಿರಣಿ ಮಾಲೀಕರಷ್ಟೇ ಆಗಿ ಉಳಿಯಲಿಲ್ಲ. ಅಂಧರಿಗೆ, ಅಂಗವಿಕಲರಿಗೆ ತಮ್ಮಲ್ಲಿ ಕೆಲಸ ಕೊಟ್ಟರು, ಬೇರೆ ಮಾಲೀಕರ ಬಳಿಯೂ ಕೊಡಿಸಿದರು. ರಾಷ್ಟ್ರೀಯ ಅಂಧರ ಸಂಘಕ್ಕಾಗಿ ಬಹುಕಾಲ ದುಡಿದರು.

1987ರ ಅಕ್ಟೋಬರ್ 27ರಂದು ಮುಂಬೈನಲ್ಲಿ ಮರ್ಚೆಂಟ್ ತೀರಿಕೊಂಡಾಗ ಭಾರತ-ಪಾಕಿಸ್ತಾನದಲ್ಲಿ ವಿಶ್ವಕಪ್ ನಡೆಯುತ್ತಿತ್ತು. ಆ ಹೊತ್ತಿಗೆ ಜನ ರೇಡಿಯೋ ಬಿಟ್ಟು ಟಿವಿ ಮುಂದೆ ಕೂತಿದ್ದರು. 16 ವರ್ಷದೊಳಗಿನ ಹುಡುಗರ ರಾಷ್ಟ್ರೀಯ ಟೂರ್ನಿ ಈಗ ಅವರ ಹೆಸರಿನಲ್ಲಿ, ವಿಜಯ್ ಮರ್ಚೆಂಟ್ ಟ್ರೋಫಿಯಾಗಿ ನಡೆಯುತ್ತಿದೆ.